ಸ್ಕಾಟ್ಲೆಂಡಿನ ಹಿರಿಯರ ಸಂಘ

ಮತಸಂಘಗಳ ಆಡಳಿತಕ್ರಮವು ಅವುಗಳ ನಂಬಿಕೆಗೆ ತೊಡಿಸಿದ ಹೊರ ಉಡುಪು ಮಾತ್ರವೆಂದು ಅನೇಕರು ಭಾವಿಸುವುದುಂಟು. ಸ್ಕಾಟ್ಲೆಂಡ್ ದೇಶದ ಪ್ರೆಸ್ಬಿಟೇರಿಯನ್ ಕ್ರೈಸ್ತಸಂಘದ ಚರಿತ್ರೆಯನ್ನು ಪರಿಶೀಲಿಸಿದರೆ ಈ ಭಾವನೆಯು ನಿಲ್ಲಲಾರದು. ಅಲ್ಲಿ ನಂಬಿಕೆಯೂ ಆಡಳಿತವೂ ಒಂದೇ ಬೇರಿನಿಂದ ಚಿಗುರಿದುವು. ಊರಿನ ಬೋಧಕನನ್ನು ಆರಿಸುವ ಹಕ್ಕು ಯಾರದೆಂಬ ಪ್ರಶ್ನೆಗಾಗಿ 1843ರಲ್ಲಿ 470ಕ್ಕೂ ಹೆಚ್ಚು ಮಂದಿ ಬೋಧಕರು ತಮ್ಮ ಮನೆಯನ್ನೂ ವೇತನವನ್ನೂ ತೊರೆದುಹೋದುದಕ್ಕೆ ಕಾರಣವು ಇದೇ ಆಗಿದ್ದಿತು.

ಪ್ರೆಸ್ಬಿಟರ್ ಎಂಬುದು ಗ್ರೀಕ್ ಮೂಲದ ಶಬ್ದ. ಹಿರಿಯನೆಂದು ಅದರ ಅರ್ಥ. 1560ರ ಆಗಸ್ಟ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಪೋಪರ ಅಧಿಕಾರವನ್ನು ತೊಡೆದುಹಾಕಿ, ಹೊಸದೊಂದು ಮತನಿರೂಪಣೆಯನ್ನು ಅಂಗೀಕರಿಸಿತು. ಅದನ್ನು ರಚಿಸಿದವರು ಆರು ಮಂದಿ. ಆರು ಜನರ ಹೆಸರೂ ಜಾನ್ ಎಂದೇ! ಅವರಲ್ಲಿ ಪ್ರಮುಖನಾದ ಜಾನ್ ನಾಕ್ಸನು ಜಿನೀವಾ ನಗರದಲ್ಲಿ ಕ್ಯಾಲ್ವಿನನ ಸಹವಾಸದಲ್ಲಿದ್ದು ಬಂದವನು. ಮುಂದೆ 1647ರಲ್ಲಿ ಈ ಸಂಘವು ವೆಸ್ಟ್‌ಮಿನ್‌ಸ್ಟರ್ ಮತನಿರೂಪಣೆಯನ್ನು ತನ್ನದಾಗಿ ಮಾಡಿಕೊಂಡಿತು.

ಈ ಮತದ ಸಾರವನ್ನು ಹೀಗೆ ಸಂಗ್ರಹಿಸಬಹುದು: ದೇವರು ಸರ್ವಸ್ವತಂತ್ರನು. ಮನುಷ್ಯನಿಗೆ ಮುಕ್ತಿಯು ಆತನ ಕೃಪೆಯಿಂದಲ್ಲದೆ ಸ್ವಂತ ಪುಣ್ಯದಿಂದ ದೊರೆಯುವುದಲ್ಲ. ಅದನ್ನು ಪಡೆಯತಕ್ಕವರನ್ನು ಆತನೇ ಅನಾದಿಯಲ್ಲಿ ವರಿಸಿರುವನು. ನಂಬಿಕೆಗೂ ನಡತೆಗೂ ಬೈಬಲ್ ಒಂದೇ ಪ್ರಮಾಣ. ಸಂಸ್ಕಾರಗಳು ದೀಕ್ಷಾಸ್ನಾನ, ಪ್ರಭುಭೋಜನ ಎಂಬ ಎರಡೇ. ಸಂಘಕ್ಕೆ ಕ್ರಿಸ್ತನೊಬ್ಬನೇ ಶಿರಸ್ಸು. ಈ ಕೊನೆಯ ಮಾತಿನಿಂದಲೇ ಆಡಳಿತಕ್ರಮವು ಹುಟ್ಟಿತು. ಶಿರಸ್ಸು ಒಂದೇ ಆದಮೇಲೆ ಪೋಪನಿಗಾಗಲಿ ರಾಜನಿಗಾಗಲಿ ಆ ಸ್ಥಾನವೆಲ್ಲಿಯದು? ಬೋಧಕರೆಲ್ಲರೂ ಸಮಾನರಾದಮೇಲೆ ಅವರ ಮೇಲೆ ಬಿಷಪ್ಪನೇಕೆ?

ಆದುದರಿಂದ ಅಧಿಕಾರವು ವ್ಯಕ್ತಿಗಳ ಕೈಯಲ್ಲಿರದೆ ಸಭೆಗಳ ಕೈಯಲ್ಲಿದ್ದಿತು. ಊರಿನ ಬೋಧಕನೂ ಅಲ್ಲಿಯ ಹಿರಿಯರೂ ಕೂಡಿದುದು ಕಿರ್ಕ್ ಸೆಷನ್. ಸುತ್ತಣ ಊರುಗಳ ಬೋಧಕರೂ ಊರಿಗೊಬ್ಬ ಹಿರಿಯನೂ ಸೇರಿದುದು ಪ್ರೆಸ್ಬಿಟರಿ. ಅದರ ಮೇಲೆ ಹಿಂದೆ ಪ್ರಾಂತದ ಸಿನಡ್ ಇದ್ದಿತು. ಎಲ್ಲಕ್ಕೂ ಮೇಲೆ, ವರ್ಷಕ್ಕೊಮ್ಮೆ ನೆರೆಯುವ ಮಹಾಸಭೆ. ಅಧ್ಯಕ್ಷನಾದ ಮಾಡರೇಟರನ ಅಧಿಕಾರಾವಧಿ ಒಂದೇ ವರ್ಷ. ರಾಜಪ್ರತಿನಿಧಿಯು ಮಹಾಸಭೆಗೆ ಬಂದು ಕುಳಿತರೂ ಅವನಿಗೆ ಮತವಿಲ್ಲ. ಒಕ್ಕಲಿಗನೋ ವರ್ತಕನೋ ಆದ ಹಿರಿಯನು ಪಂಡಿತನಾದ ಬೋಧಕನ ಸರಿಸಮನಾಗಿ ಕುಳಿತು ತೀರ್ಪು ಹೇಳುವನು.

ಇಂಥ ವ್ಯವಸ್ಥೆಯು ಅರಸರಿಗೆ ಹಿಡಿಸದಿದ್ದುದು ಆಶ್ಚರ್ಯವಲ್ಲ. 1596ರಲ್ಲಿ ಫಾಕ್‌ಲೆಂಡ್ ಅರಮನೆಯಲ್ಲಿ ಆಂಡ್ರೂ ಮೆಲ್ವಿಲ್ ಎಂಬ ವಿದ್ವಾಂಸನು ಆರನೆಯ ಜೇಮ್ಸ್ ದೊರೆಯ ತೋಳನ್ನು ಹಿಡಿದು, ಈ ದೇಶದಲ್ಲಿರುವ ರಾಜ್ಯಗಳು ಎರಡೆಂದೂ, ಕ್ರಿಸ್ತನ ರಾಜ್ಯದಲ್ಲಿ ದೊರೆಯು ಪ್ರಜೆಯೇ ಹೊರತು ಪ್ರಭುವಲ್ಲವೆಂದೂ ಹೇಳಿದನು. ಜೇಮ್ಸನೂ ಅವನ ಮಗ ಚಾರ್ಲ್ಸನೂ ಬಿಷಪ್ಪರ ಅಧಿಕಾರವನ್ನು ಸ್ಥಿರಪಡಿಸಲು ಯತ್ನಿಸಿದರು. 1638ರಲ್ಲಿ ಜನರು ರಾಷ್ಟ್ರೀಯ ಪ್ರತಿಜ್ಞಾಪತ್ರಕ್ಕೆ ಸಹಿಹಾಕಿದರು. ಅದೇ ವರ್ಷ ಗ್ಲಾಸ್ಗೋ ನಗರದ ಮಹಾಸಭೆಯು ಬಿಷಪ್ಪರನ್ನು ಪದಚ್ಯುತಗೊಳಿಸಿತು. 1660ರ ತರುವಾಯ ಬಿಷಪ್ಪರು ಮರಳಿ ಬಂದರು. ಅನೇಕ ಕಷ್ಟಗಳಾದಮೇಲೆ, 1690ರಲ್ಲಿ ಹಿರಿಯರ ಆಡಳಿತವು ಶಾಸನದಿಂದ ನೆಲೆಗೊಂಡಿತು.

ಆದರೆ 1712ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಬೋಧಕನನ್ನು ಸೂಚಿಸುವ ಹಕ್ಕನ್ನು ಭೂಸ್ವಾಮಿಗಳಾದ ಪೋಷಕರಿಗೆ ಮತ್ತೆ ಕೊಟ್ಟಿತು. ಒಳಗೇ ಬೇಯುತ್ತಿದ್ದ ಈ ಅಸಮಾಧಾನವನ್ನು ತಗ್ಗಿಸಲು, 1834ರಲ್ಲಿ ಮಹಾಸಭೆಯು ಒಂದು ನಿಯಮವನ್ನು ಮಾಡಿತು: ಭಕ್ತಜನರಲ್ಲಿ ಗೃಹಯಜಮಾನರ ಬಹುಮತವು ವಿರೋಧಿಸಿದರೆ, ಪೋಷಕನು ಸೂಚಿಸಿದ ಬೋಧಕನನ್ನು ಪ್ರೆಸ್ಬಿಟರಿಯು ತಿರಸ್ಕರಿಸತಕ್ಕದ್ದು. ಅದೇ ವರ್ಷ ಆಕ್ಟರಾರ್ಡರ್ ಎಂಬ ಊರಿಗೆ ಕಿನ್ನೂಲ್ ಪ್ರಭುವು ಒಬ್ಬನನ್ನು ಸೂಚಿಸಿದನು. 330 ಗೃಹಯಜಮಾನರಲ್ಲಿ 280ಕ್ಕೂ ಮಿಕ್ಕವರು ಬೇಡವೆಂದರು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು. 1839ರಲ್ಲಿ ಲಾರ್ಡ್ಸ್ ಸಭೆಯು ಮಹಾಸಭೆಯ ನಿಯಮವೇ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಪೋಷಕನ ಹಕ್ಕು ಸ್ವತ್ತಿನ ಹಕ್ಕೆಂಬುದು ನ್ಯಾಯಾಲಯದ ದೃಷ್ಟಿ. ಒಲ್ಲದ ಜನರ ಮೇಲೆ ಬೋಧಕನನ್ನು ಹೇರುವುದು ಕ್ರಿಸ್ತನ ಅಧಿಕಾರಕ್ಕೆ ದ್ರೋಹವೆಂಬುದು ಸಂಘದ ಬಹುಮತದ ದೃಷ್ಟಿ.

1843ರ ಮೇ 18ರಂದು ಎಡಿನ್‌ಬರೋ ನಗರದ ಸೇಂಟ್ ಆಂಡ್ರೂಸ್ ದೇವಾಲಯದಲ್ಲಿ ಮಹಾಸಭೆಯು ನೆರೆಯಿತು. ಮಾಡರೇಟರನಾದ ಡೇವಿಡ್ ವೆಲ್ಷನು ಪ್ರತಿಭಟನಾ ಪತ್ರವನ್ನೋದಿ, ರಾಜಪ್ರತಿನಿಧಿಗೆ ವಂದಿಸಿ ಹೊರನಡೆದನು. ಥಾಮಸ್ ಚಾಮರ್ಸ್ ಮೊದಲಾದವರು ಹಿಂಬಾಲಿಸಿದರು. ಟ್ಯಾನ್‌ಫೀಲ್ಡ್ ಭವನದಲ್ಲಿ ಫ್ರೀ ಚರ್ಚ್ ಅಂದರೆ ಸ್ವತಂತ್ರ ಸಂಘವು ಸ್ಥಾಪಿತವಾಯಿತು. ಸುಮಾರು 1,200 ಬೋಧಕರಲ್ಲಿ 474 ಮಂದಿ ತಮ್ಮ ವೇತನದ ಹಕ್ಕನ್ನು ಬಿಟ್ಟುಕೊಟ್ಟರು. ನಿವೇಶನ ಕೊಡಲೊಲ್ಲದ ಭೂಸ್ವಾಮಿಗಳಿದ್ದೆಡೆ ಜನರು ಬಯಲಿನಲ್ಲಿ ಪ್ರಾರ್ಥಿಸಿದರು. ಸ್ಟ್ರಾಂಷಿಯನ್ ಎಂಬಲ್ಲಿ ನೆಲ ಸಿಕ್ಕದೆ 1846ರಲ್ಲಿ ನೀರಿನ ಮೇಲೆ ತೇಲುವ ದೇವಾಲಯವನ್ನೇ ನಿಲ್ಲಿಸಿಕೊಂಡರು. ಊರೂರಿನ ಕಾಣಿಕೆಯನ್ನು ಒಂದೇ ನಿಧಿಗೆ ಕೂಡಿಸಿ ಬೋಧಕರಿಗೆ ಹಂಚುವ ಏರ್ಪಾಡನ್ನು ಚಾಮರ್ಸನು ಮಾಡಿದನು. ಭಾರತದಲ್ಲಿಯೂ ಇದರ ಪರಿಣಾಮ ಕಾಣಿಸಿತು: ಕಲ್ಕತ್ತೆಯ ಅಲೆಕ್ಸಾಂಡರ್ ಡಫ್ ಸ್ವತಂತ್ರ ಸಂಘವನ್ನು ಸೇರಿ, ತಾನೇ ಬೆಳೆಸಿದ ವಿದ್ಯಾಶಾಲೆಯ ಕಟ್ಟಡವನ್ನು ಬಿಟ್ಟು, ಬೇರೆಡೆ ಪಾಠವನ್ನು ಮೊದಲುಮಾಡಿದನು.

ಪೋಷಕರ ಹಕ್ಕು 1874ರಲ್ಲಿ ರದ್ದಾಯಿತು. 1921ರ ಶಾಸನವು ಮತವಿಷಯಗಳಲ್ಲಿ ಸಂಘದ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. 1929ರಲ್ಲಿ ಅಗಲಿದವರಲ್ಲಿ ಬಹುಪಾಲು ಮತ್ತೆ ಒಂದಾದರು. ಆದರೂ ಒಂದು ಮಾತನ್ನು ಮರೆಯಲಾಗದು. ಜನರ ಒಪ್ಪಿಗೆಗಾಗಿ ಹೋರಾಡಿದವರು 1834ರಲ್ಲಿ ಎಣಿಸಿದ ಜನರು ಪುರುಷರು ಮಾತ್ರ. ಸ್ತ್ರೀಯರು ಹಿರಿಯರ ಪೀಠವನ್ನೇರಿದುದು 1966ರಲ್ಲಿ, ಬೋಧಕಪದವಿಯನ್ನು ಪಡೆದುದು 1968ರಲ್ಲಿ. ಶಿರಸ್ಸು ಒಂದೇ, ಉಳಿದವರೆಲ್ಲರೂ ಸಮಾನರೆಂಬ ತತ್ತ್ವವು 1560ರಲ್ಲಿಯೇ ಉಚ್ಚರಿತವಾಗಿದ್ದಿತು. ಅದನ್ನು ತನ್ನ ಮನೆಯೊಳಗೆ ಪೂರ್ಣವಾಗಿ ನಡಸಲು ಆ ಸಂಘಕ್ಕೆ ನಾಲ್ಕು ಶತಮಾನಗಳು ಬೇಕಾದುವು.