ಹಬ್ಬಕ್ಕೆ ಏಲಕ್ಕಿ–ಚಕ್ಕೆ ಬೆಣ್ಣೆ: ಮಾಡುವುದು ಹೇಗೆ? ಜೊತೆಗೆ ಬರುವ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಗೋಕುಲಾಷ್ಟಮಿ ಹತ್ತಿರ ಬಂತೆಂದರೆ ಬೆಣ್ಣೆಗೆ ಸಕ್ಕರೆ, ಏಲಕ್ಕಿ ಬೆರೆಸಿ ನೈವೇದ್ಯಕ್ಕೆ ಇಡುವ ವಿಡಿಯೊಗಳು ಮೊಬೈಲ್‌ಗೆ ಬರತೊಡಗುತ್ತವೆ. ಡಿಸೆಂಬರ್‌ನಲ್ಲಿ ಅದೇ ಬೆಣ್ಣೆ ಚಕ್ಕೆ, ಜಾಯಿಕಾಯಿ, ಜೇನು ಸೇರಿಸಿಕೊಂಡು ‘ಕ್ರಿಸ್‌ಮಸ್ ಸ್ಪೆಷಲ್’ ಆಗುತ್ತದೆ. ರುಚಿಯ ವಿಷಯದಲ್ಲಿ ನಮ್ಮ ತಕರಾರಿಲ್ಲ. ಆದರೆ ಈ ವಿಡಿಯೊಗಳ ಕೆಳಗೆ ಕೆಲವು ಮಾತುಗಳೂ ಸೇರಿಕೊಂಡು ಬರುತ್ತವೆ. ‘ಬೆಲ್ಲ ಹಾಕಿದರೆ ಶುಗರ್ ಇದ್ದವರೂ ತಿನ್ನಬಹುದು’, ‘ಮಗುವಿಗೆ ಜೇನು ಬೆಣ್ಣೆ ನೆಕ್ಕಿಸಿದರೆ ಬುದ್ಧಿ ಚುರುಕಾಗುತ್ತದೆ’, ‘ಅಯೋಡಿನ್ ಹಾಕಿದಾಗ ನೀಲಿಯಾದರೆ ಬೆಣ್ಣೆ ಕಲಬೆರಕೆ’. ಇವುಗಳಲ್ಲಿ ಒಂದು ಅರ್ಧ ಸತ್ಯ, ಒಂದು ಪೂರ್ತಿ ಸುಳ್ಳು, ಇನ್ನೊಂದು ಮಗುವಿನ ಜೀವಕ್ಕೇ ಅಪಾಯ ತರಬಲ್ಲದು.

ಈ ಲೇಖನದಲ್ಲಿ ಮೊದಲು ಬೆಣ್ಣೆಯನ್ನು ಸರಿಯಾಗಿ ಮಾಡುವ ವಿಧಾನ ನೋಡೋಣ. ನಂತರ ಒಂದೊಂದೇ ಹೇಳಿಕೆಯನ್ನು ಪರಿಶೀಲಿಸೋಣ.

ಬೆಣ್ಣೆಯ ಒಳಗೆ ಏನಿದೆ?

ಕೆನೆಯಲ್ಲಿ ಕೊಬ್ಬಿನ ಸಣ್ಣ ಸಣ್ಣ ಹನಿಗಳು ನೀರಿನಲ್ಲಿ ಹರಡಿಕೊಂಡಿರುತ್ತವೆ. ಪ್ರತಿ ಹನಿಯ ಸುತ್ತ ತೆಳುವಾದ ಪೊರೆ ಇರುತ್ತದೆ. ಕಡೆಯುವಾಗ ಆ ಪೊರೆ ಒಡೆದು, ಕೊಬ್ಬಿನ ಹನಿಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಉಳಿದ ನೀರಿನ ಭಾಗ ಮಜ್ಜಿಗೆಯಾಗಿ ಬೇರೆಯಾಗುತ್ತದೆ. ಉಡುಪಿಯ ಕೃಷ್ಣನ ಕೈಯಲ್ಲಿರುವ ಕಡೆಗೋಲಿನ ಕೆಲಸ ಇದೇ. ಕಡೆದ ಮೇಲೆ ಚಿತ್ರ ತಿರುವುಮುರುವಾಗುತ್ತದೆ: ಮೊದಲು ನೀರಿನೊಳಗೆ ಕೊಬ್ಬಿನ ಹನಿಗಳಿದ್ದವು, ಈಗ ಕೊಬ್ಬಿನೊಳಗೆ ನೀರಿನ ಹನಿಗಳಿರುತ್ತವೆ.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಟೇಬಲ್ ಬಟರ್‌ನಲ್ಲಿ ಕನಿಷ್ಠ ಶೇ 80ರಷ್ಟು ಹಾಲಿನ ಕೊಬ್ಬು ಇರಬೇಕು, ನೀರು ಶೇ 16 ಮೀರಬಾರದು. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಏಲಕ್ಕಿ, ಚಕ್ಕೆ, ಜಾಯಿಕಾಯಿಗಳ ಪರಿಮಳ ಕೊಡುವ ಎಣ್ಣೆಗಳು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಾಗಿಯೇ ಬೆಣ್ಣೆ ಮಸಾಲೆಯ ಘಮವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆಯುವುದು ನೀರಿನ ಭಾಗದಲ್ಲಿ. ನೀರು ಹೆಚ್ಚಾದಷ್ಟೂ ಬೆಣ್ಣೆ ಬೇಗ ಹಾಳಾಗುತ್ತದೆ.

ಮಾಡುವ ವಿಧಾನ

ಬೇಕಾಗುವುದು: ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ನುಣ್ಣಗೆ ಪುಡಿ ಮಾಡಿದ ಸಕ್ಕರೆ ಅಥವಾ ಒಣ ಬೆಲ್ಲದ ಪುಡಿ 50 ಗ್ರಾಂ, ಏಲಕ್ಕಿ ಪುಡಿ ಅರ್ಧ ಟೀ ಚಮಚ, ಚಕ್ಕೆ ಪುಡಿ ಅರ್ಧ ಟೀ ಚಮಚ, ಜಾಯಿಕಾಯಿ ಪುಡಿ ಮತ್ತು ಶುಂಠಿ ಪುಡಿ ಒಂದೊಂದು ಚಿಟಿಕೆ, ಒಂದು ಚಿಟಿಕೆ ಉಪ್ಪು.

1. ಬೆಣ್ಣೆಯನ್ನು ಫ್ರಿಜ್‌ನಿಂದ ಹೊರಗಿಟ್ಟು ಮೆತ್ತಗಾಗಲು ಬಿಡಿ. ಬೆರಳಿಟ್ಟರೆ ಗುಳಿ ಬೀಳಬೇಕು, ಆದರೆ ಹೊಳೆಯುವ ಎಣ್ಣೆ ಕಾಣಬಾರದು. ಡಿಸೆಂಬರ್‌ನ ಬೆಂಗಳೂರಿನಲ್ಲಿ ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗಬಹುದು. ಸೆಕೆಯ ಊರಿನಲ್ಲಿ ಹತ್ತು ನಿಮಿಷ ಸಾಕು.

2. ಬೇಗ ಆಗಲೆಂದು ಒಲೆಯ ಮೇಲೆ ಅಥವಾ ಮೈಕ್ರೊವೇವ್‌ನಲ್ಲಿ ಕರಗಿಸಬೇಡಿ. ಹಾಲಿನ ಕೊಬ್ಬು ಸುಮಾರು 35 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪೂರ್ತಿ ಕರಗುತ್ತದೆ. ಆಗ ನೀರು, ಕೊಬ್ಬು ಬೇರೆಯಾಗುತ್ತವೆ. ಮತ್ತೆ ತಣ್ಣಗೆ ಮಾಡಿದರೂ ಮೊದಲಿನ ನಯ ಬರುವುದಿಲ್ಲ, ತರಿತರಿಯಾಗುತ್ತದೆ.

3. ಮಸಾಲೆ ಪುಡಿಗಳನ್ನು ಒಂದು ಚಮಚ ಬೆಚ್ಚಗಿನ ತುಪ್ಪಕ್ಕೆ ಹಾಕಿ, ಒಲೆ ಆರಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಇದರಿಂದ ಪರಿಮಳ ಮೊದಲೇ ಕೊಬ್ಬಿಗೆ ಇಳಿಯುತ್ತದೆ.

4. ಮೆತ್ತಗಾದ ಬೆಣ್ಣೆಯನ್ನು ಮರದ ಚಮಚದಲ್ಲಿ ಎರಡು ನಿಮಿಷ ಚೆನ್ನಾಗಿ ನಾದಿ. ಸಕ್ಕರೆ, ಉಪ್ಪು, ಮಸಾಲೆ ಸೇರಿಸಿ ಮತ್ತೆ ಬೆರೆಸಿ.

5. ಒಣಗಿದ ಗಾಜಿನ ಡಬ್ಬಕ್ಕೆ ತುಂಬಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಮಾಡಿದ ತಕ್ಷಣಕ್ಕಿಂತ ಮರುದಿನ ಘಮ ಹೆಚ್ಚಿರುತ್ತದೆ.

ಬೆಲ್ಲ ಹಾಕುವುದಾದರೆ ಪಾಕ ಮಾಡಿ ಸುರಿಯಬೇಡಿ. ಬಿಸಿ ಪಾಕ ಬೆಣ್ಣೆಯನ್ನು ಕರಗಿಸುತ್ತದೆ, ಪಾಕದ ನೀರು ಬಾಳಿಕೆಯನ್ನು ಕಡಿಮೆ ಮಾಡುತ್ತದೆ. ಚಪಾತಿ, ಬ್ರೆಡ್, ಸಿಹಿ ದೋಸೆ, ಬಿಸಿ ಹೋಳಿಗೆಯ ಮೇಲೆ ಒಂದು ಚಮಚ ಹಾಕಿಕೊಂಡರೆ ಸಾಕು.

ಈಗ ಫಾರ್ವರ್ಡ್‌ಗಳ ಸರದಿ.

ಹೇಳಿಕೆ 1: ‘ಮಗುವಿಗೆ ಜೇನು ಬೆರೆಸಿದ ಬೆಣ್ಣೆ ನೆಕ್ಕಿಸಿ’

ಇದು ಅಪಾಯಕಾರಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ಯಾವ ರೂಪದಲ್ಲೂ ಕೊಡಬಾರದು. ಬೆಣ್ಣೆಯಲ್ಲಿ ಬೆರೆಸಿಯೂ ಇಲ್ಲ, ಬೆರಳ ತುದಿಯಲ್ಲಿ ಸವರಿಯೂ ಇಲ್ಲ.

ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ದೊಡ್ಡವರ ಕರುಳಿನಲ್ಲಿರುವ ಇತರ ಬ್ಯಾಕ್ಟೀರಿಯಾಗಳು ಇವುಗಳನ್ನು ಬೆಳೆಯಲು ಬಿಡುವುದಿಲ್ಲ. ಶಿಶುವಿನ ಕರುಳಿನಲ್ಲಿ ಆ ರಕ್ಷಣೆ ಇನ್ನೂ ಬೆಳೆದಿರುವುದಿಲ್ಲ. ಅಲ್ಲಿ ಬೀಜಕಗಳು ಮೊಳೆತು, ನರಗಳನ್ನು ಕಟ್ಟಿಹಾಕುವ ವಿಷವನ್ನು ಉತ್ಪಾದಿಸುತ್ತವೆ. ಮಲಬದ್ಧತೆ, ಹಾಲು ಎಳೆದು ಕುಡಿಯಲು ಆಗದಿರುವುದು, ಅಳುವಿನ ದನಿ ಕ್ಷೀಣಿಸುವುದು, ರೆಪ್ಪೆ ಜೋತುಬೀಳುವುದು, ಕತ್ತು ನಿಲ್ಲದಿರುವುದು ಇದರ ಲಕ್ಷಣಗಳು. ಉಸಿರಾಟವೇ ನಿಲ್ಲುವ ಹಂತಕ್ಕೂ ಹೋಗಬಹುದು. ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಜೇನು ಕೊಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

‘ಕುದಿಸಿದ ಜೇನು ಆದೀತೇ?’ ಎಂದು ಕೇಳುವವರಿದ್ದಾರೆ. ಆಗದು. ಅಡುಗೆಮನೆಯ ಕುದಿಯುವ ಬಿಸಿಗೂ ಈ ಬೀಜಕಗಳು ಸಾಯುವುದಿಲ್ಲ. ಕಾಡಿನ ಶುದ್ಧ ಜೇನು ಎಂಬ ಕಾರಣಕ್ಕೂ ವಿನಾಯಿತಿ ಇಲ್ಲ, ಏಕೆಂದರೆ ಬೀಜಕಗಳು ಮಣ್ಣು, ದೂಳಿನಿಂದ ಸಹಜವಾಗಿಯೇ ಬರುತ್ತವೆ.

‘ನಿಮ್ಮನ್ನೆಲ್ಲ ಹಾಗೇ ಬೆಳೆಸಿದ್ದಲ್ಲವೇ?’ ಎಂದು ಅಜ್ಜಿ ಕೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಎಲ್ಲ ಜೇನಿನಲ್ಲೂ ಬೀಜಕ ಇರುವುದಿಲ್ಲ, ಕಾಯಿಲೆ ಅಪರೂಪ. ಹೆಚ್ಚಿನ ಮಕ್ಕಳಿಗೆ ಏನೂ ಆಗಿಲ್ಲ. ಆದರೆ ಅಪರೂಪಕ್ಕೆ ಆದಾಗ ಅದು ಜೇನಿನಿಂದ ಎಂದು ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶಾಸ್ತ್ರಕ್ಕಾಗಿ ನೆಕ್ಕಿಸಲೇಬೇಕು ಎನ್ನುವ ಮನೆಯಲ್ಲಿ ಜೇನನ್ನು ದೇವರ ಮುಂದಿಟ್ಟು, ಮಗುವಿನ ಬಾಯಿಗೆ ಬದಲು ಅಮ್ಮನಿಗೆ ಪ್ರಸಾದವಾಗಿ ಕೊಡಬಹುದು.

ಹೇಳಿಕೆ 2: ‘ಜಾಯಿಕಾಯಿ ಹಾಕಿದರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ’

ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಎಂಬ ರಾಸಾಯನಿಕವಿದೆ. ಹೆಚ್ಚು ಪ್ರಮಾಣದಲ್ಲಿ ಅದು ನರಮಂಡಲದ ಮೇಲೆ ಪರಿಣಾಮ ಬೀರುತ್ತದೆ. ದೊಡ್ಡವರಲ್ಲೇ ಸುಮಾರು 5 ಗ್ರಾಂ, ಅಂದರೆ ಒಂದೆರಡು ಟೀ ಚಮಚ ಪುಡಿ ತಿಂದವರಿಗೆ ಎದೆ ಬಡಿತ ಏರುವುದು, ಬಾಯಿ ಒಣಗುವುದು, ತಲೆ ಸುತ್ತು, ಭ್ರಮೆ ಕಾಣಿಸಿಕೊಂಡಿವೆ. ನಮ್ಮ ಅಳತೆಯಲ್ಲಿ 250 ಗ್ರಾಂ ಬೆಣ್ಣೆಗೆ ಒಂದು ಚಿಟಿಕೆ ಮಾತ್ರ, ಒಂದು ಚಮಚದಲ್ಲಿ ಬರುವುದು ಲೆಕ್ಕಕ್ಕೇ ಸಿಗದಷ್ಟು. ದೊಡ್ಡವರು ಹೆದರಬೇಕಿಲ್ಲ.

ಶಿಶುವಿನ ಮಾತು ಬೇರೆ. ಕಲ್ಲಿನ ಮೇಲೆ ತೇಯ್ದು ಕೊಡುವಾಗ ಎಷ್ಟು ಹೋಯಿತು ಎಂದು ಅಳೆಯುವವರಿಲ್ಲ, ಮಗುವಿನ ತೂಕವೋ ಮೂರು ನಾಲ್ಕು ಕಿಲೊ. ‘ಚೆನ್ನಾಗಿ ಮಲಗಿದೆ’ ಎಂದು ನಾವು ಅಂದುಕೊಳ್ಳುವುದು ಮಂಪರೂ ಆಗಿರಬಹುದು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹೇಳಿಕೆ 3: ‘ಬೆಲ್ಲ ಹಾಕಿದರೆ ಶುಗರ್ ಇದ್ದವರೂ ತಿನ್ನಬಹುದು’

ಇದು ಸುಳ್ಳು. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುವುದು ನಿಜ, ಆದರೆ ರಕ್ತದ ಸಕ್ಕರೆ ಏರುವುದನ್ನು ಅದು ತಡೆಯುವುದಿಲ್ಲ. ಜೇನು, ಕಲ್ಲುಸಕ್ಕರೆಗೂ ಇದೇ ಮಾತು.

ಬೇಕಿದ್ದರೆ ಲೆಕ್ಕ ಹಾಕಿ ನೋಡೋಣ. ಮೇಲಿನ ಅಳತೆಯಲ್ಲಿ 5 ಗ್ರಾಂನ ಸುಮಾರು 50 ಚಮಚ ಬೆಣ್ಣೆಯಾಗುತ್ತದೆ. ಒಂದು ಚಮಚದಲ್ಲಿ 4 ಗ್ರಾಂ ಬೆಣ್ಣೆ, 1 ಗ್ರಾಂ ಸಿಹಿ, ಒಟ್ಟು 33 ಕ್ಯಾಲೊರಿಯ ಆಸುಪಾಸು. ಬೆಣ್ಣೆಯ ತೂಕದ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಚಮಚಕ್ಕೆ 2 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬಿನ ಮಿತಿ ಸುಮಾರು 22 ಗ್ರಾಂ. ಹಬ್ಬದ ದಿನ ಒಂದೆರಡು ಚಮಚದಿಂದ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ‘ಆರೋಗ್ಯಕರ ಬೆಲ್ಲದ ಬೆಣ್ಣೆ’ ಎಂದು ದಿನವೂ ನಾಲ್ಕೈದು ಚಮಚ ತಿಂದರೆ, ಪಲ್ಯದ ಒಗ್ಗರಣೆಗೆ ಮೊದಲೇ ಮಿತಿಯ ಅರ್ಧದಷ್ಟು ಮುಗಿದಿರುತ್ತದೆ. ಮಧುಮೇಹ, ಹೃದಯದ ಕಾಯಿಲೆ ಇರುವವರು ತಮ್ಮ ವೈದ್ಯರ ಮಾತನ್ನೇ ಕೇಳಲಿ.

ಹೇಳಿಕೆ 4: ‘ಅಯೋಡಿನ್ ಹಾಕಿದಾಗ ನೀಲಿಯಾದರೆ ಕಲಬೆರಕೆ’

ಇದು ಅರ್ಧ ಸತ್ಯ. ಪರೀಕ್ಷೆ ನಿಜವಾದದ್ದೇ, ಎಫ್‌ಎಸ್‌ಎಸ್‌ಎಐ ಕೂಡ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದನ್ನು ಹೇಳಿದೆ. ಅರ್ಧ ಚಮಚ ಬೆಣ್ಣೆಗೆ ಎರಡು ಮೂರು ಹನಿ ಟಿಂಚರ್ ಅಯೋಡಿನ್ ಹಾಕಿದಾಗ ನೀಲಿಯಾದರೆ ಅದರಲ್ಲಿ ಪಿಷ್ಟ ಇದೆ ಎಂದರ್ಥ. ಆಲೂಗಡ್ಡೆ, ಗೆಣಸು ಅರೆದು ಬೆರೆಸಿದ್ದರೆ ಹೀಗೆ ಗೊತ್ತಾಗುತ್ತದೆ.

ಆದರೆ ವನಸ್ಪತಿ ಅಥವಾ ಪಾಮ್ ಎಣ್ಣೆ ಬೆರೆಸಿದ್ದರೆ ಇದರಿಂದ ತಿಳಿಯುವುದಿಲ್ಲ, ಅವುಗಳಲ್ಲಿ ಪಿಷ್ಟ ಇಲ್ಲ. ಇನ್ನೊಂದು ಮುಖ್ಯ ವಿಷಯ: ಮಸಾಲೆ ಬೆರೆಸಿದ ಮೇಲೆ ಈ ಪರೀಕ್ಷೆ ಮಾಡಬೇಡಿ. ಏಲಕ್ಕಿ ಬೀಜ, ಜಾಯಿಕಾಯಿ, ಶುಂಠಿಗಳಲ್ಲಿ ಸಹಜವಾಗಿಯೇ ಪಿಷ್ಟ ಇದೆ. ಅಂಗಡಿಯ ಐಸಿಂಗ್ ಶುಗರ್‌ನಲ್ಲಿ ಜೋಳದ ಪಿಷ್ಟ ಸೇರಿಸಿರುತ್ತಾರೆ. ಶುದ್ಧ ಬೆಣ್ಣೆಯೂ ನೀಲಿಯಾಗಿ, ನಿಮ್ಮ ಹಾಲಿನವರ ಮೇಲೆ ವೃಥಾ ಅಪವಾದ ಬಂದೀತು. ಪರೀಕ್ಷಿಸಿದ ಬೆಣ್ಣೆಯನ್ನು ತಿನ್ನದೆ ಚೆಲ್ಲಿಬಿಡಿ.

ಹೇಳಿಕೆ 5: ‘ಹಳದಿ ಬೆಣ್ಣೆ ಕೆಮಿಕಲ್, ಬಿಳಿ ಬೆಣ್ಣೆಯಿಂದ ಕೊಲೆಸ್ಟ್ರಾಲ್ ಬರುವುದಿಲ್ಲ’

ಬಣ್ಣಕ್ಕೆ ಕಾರಣ ಬೀಟಾ ಕ್ಯಾರೋಟಿನ್. ಹಸುವಿನ ಹಾಲಿನ ಕೊಬ್ಬಿನಲ್ಲಿ ಅದು ಉಳಿದುಕೊಳ್ಳುತ್ತದೆ, ಹಾಗಾಗಿ ಬೆಣ್ಣೆ ತುಸು ಹಳದಿ. ಎಮ್ಮೆ ಅದನ್ನು ವಿಟಮಿನ್ ಎ ಆಗಿ ಪರಿವರ್ತಿಸಿಕೊಳ್ಳುವುದರಿಂದ ಅದರ ಬೆಣ್ಣೆ ಬಿಳಿ. ಪ್ಯಾಕೆಟ್ ಬೆಣ್ಣೆಗೆ ಅನಾಟೊ ಎಂಬ ಗಿಡದ ಬೀಜದ ಬಣ್ಣ ಸೇರಿಸಲು ಅನುಮತಿ ಇದೆ, ಲೇಬಲ್‌ನಲ್ಲಿ ನೋಡಬಹುದು. ಸ್ಯಾಚುರೇಟೆಡ್ ಕೊಬ್ಬು, ಕೊಲೆಸ್ಟ್ರಾಲ್ ಎರಡರಲ್ಲೂ ಇವೆ. ಪ್ಯಾಕೆಟ್ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಉಪ್ಪು ಇರುತ್ತದೆ ಎಂಬ ವ್ಯತ್ಯಾಸವನ್ನು ಮಾತ್ರ ಬಿ.ಪಿ. ಇರುವವರು ಗಮನಿಸಬೇಕು.

ಬಿಳಿ ಬೆಣ್ಣೆ ಕೊಳ್ಳುವಾಗ ಬಣ್ಣಕ್ಕಿಂತ ಮುಖ್ಯವಾದ ಪ್ರಶ್ನೆ: ಹಾಲು ಕಾಯಿಸಿದ್ದೇ? ಕಾಯಿಸದ ಹಾಲಿನ ಬೆಣ್ಣೆಯಿಂದ ಬ್ರುಸೆಲ್ಲೋಸಿಸ್, ಲಿಸ್ಟೀರಿಯಾದಂಥ ಸೋಂಕು ಬರಬಹುದು. ಗರ್ಭಿಣಿಯರಿಗೆ ಇದು ವಿಶೇಷವಾಗಿ ಅಪಾಯ. ಹಾಲು ಕಾಯಿಸಿ, ಕೆನೆ ತೆಗೆದು, ಹೆಪ್ಪು ಹಾಕಿ ಕಡೆಯುವ ನಮ್ಮ ಮನೆಗಳ ಪದ್ಧತಿ ಈ ವಿಷಯದಲ್ಲಿ ಜಾಣತನದ್ದು.

ಹೇಳಿಕೆ 6: ‘ಚಕ್ಕೆ ಎಷ್ಟು ತಿಂದರೂ ಒಳ್ಳೆಯದೇ’

ಅಂಗಡಿಯಲ್ಲಿ ಚಕ್ಕೆ ಎಂದು ಸಿಗುವುದರಲ್ಲಿ ಎರಡು ಬಗೆ. ಸಿಲೋನ್ ದಾಲ್ಚಿನ್ನಿಯ ಸುರುಳಿ ಕಾಗದದಷ್ಟು ತೆಳುವಾದ ಹಲವು ಪದರಗಳದ್ದು, ಕೈಯಲ್ಲೇ ಪುಡಿಯಾಗುತ್ತದೆ. ಕ್ಯಾಸಿಯಾ ದಪ್ಪ, ಗಟ್ಟಿ, ಒಂದೇ ಪದರ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚಿರುತ್ತದೆ, ಅತಿಯಾದರೆ ಅದು ಕೆಲವರ ಯಕೃತ್ತಿಗೆ ಹಾನಿ ಮಾಡಬಹುದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ನಿಗದಿಪಡಿಸಿದ ದಿನದ ಮಿತಿ, ದೇಹದ ತೂಕದ ಪ್ರತಿ ಕಿಲೊಗೆ 0.1 ಮಿಲಿಗ್ರಾಂ. ದಿನವೂ ಒಂದು ಟೀ ಚಮಚ ಕ್ಯಾಸಿಯಾ ಪುಡಿ ತಿಂದರೆ ಈ ಮಿತಿ ದಾಟಬಹುದು. ನಮ್ಮ ಬೆಣ್ಣೆಯಲ್ಲಿ ಅರ್ಧ ಚಮಚ ಪುಡಿ 50 ಚಮಚಕ್ಕೆ ಹಂಚಿಹೋಗುವುದರಿಂದ ಯಾವ ಚಕ್ಕೆಯಾದರೂ ನಡೆಯುತ್ತದೆ.

ಹೇಳಿಕೆ 7: ‘ಸುಟ್ಟ ಗಾಯಕ್ಕೆ ಬೆಣ್ಣೆ ಹಚ್ಚಿ’

ಹಬ್ಬದ ಅಡುಗೆಯಲ್ಲಿ ಕೈ ಸುಡುವುದು ಸಾಮಾನ್ಯ. ಬೆಣ್ಣೆ ಹಚ್ಚಿದರೆ ಬಿಸಿ ಚರ್ಮದೊಳಗೇ ಉಳಿಯುತ್ತದೆ, ಸೋಂಕಿನ ಅಪಾಯವೂ ಇದೆ. ತಕ್ಷಣ ಬಳೆ, ಉಂಗುರ ತೆಗೆದು, ಗಾಯವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್, ಟೂತ್‌ಪೇಸ್ಟ್ ಬೇಡ. ಗಾಯ ದೊಡ್ಡದಿದ್ದರೆ, ಮುಖಕ್ಕೆ ಆಗಿದ್ದರೆ ಅಥವಾ ಸುಟ್ಟದ್ದು ಮಗುವಾಗಿದ್ದರೆ ವೈದ್ಯರ ಬಳಿ ಹೋಗಿ.

ಎಷ್ಟು ದಿನ ಇಡಬಹುದು?

ಮಸಾಲೆ ಹಾಕಿದ್ದರಿಂದ ಬೆಣ್ಣೆ ಕೆಡುವುದಿಲ್ಲ ಎಂದು ನಂಬಬೇಡಿ, ಚಿಟಿಕೆ ಮಸಾಲೆಗೆ ಆ ಶಕ್ತಿ ಇಲ್ಲ. ಮನೆಯ ಬೆಣ್ಣೆಯಿಂದ ಮಾಡಿದ್ದನ್ನು ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ತೆಗೆಯಲು ಪ್ರತಿ ಸಲ ಒಣಗಿದ ಚಮಚವನ್ನೇ ಬಳಸಿ. ಹುಳಿ, ಮುಗ್ಗಲು ವಾಸನೆ ಬಂದರೆ ಅಥವಾ ಬೂಸ್ಟು ಕಂಡರೆ ಎಸೆಯಿರಿ. ಹಿಂದಿನವರು ಬೆಣ್ಣೆಯನ್ನು ತಣ್ಣೀರಿನಲ್ಲಿ ಮುಳುಗಿಸಿ ಇಡುತ್ತಿದ್ದದ್ದು ಕಾಯಿಸುವವರೆಗಿನ ಅಲ್ಪ ಕಾಲಕ್ಕೆ. ಕಾಯಿಸಿದಾಗ ನೀರು ಹೋಗುವುದರಿಂದಲೇ ತುಪ್ಪ ತಿಂಗಳುಗಟ್ಟಲೆ ಬಾಳುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

‘ಹಬ್ಬದ ಸಿಹಿ ಬೆಣ್ಣೆ ಒಂದೆರಡು ಚಮಚ ಸಾಕು. ಬೆಲ್ಲವೂ ಸಕ್ಕರೆಯೇ. ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ, ಜಾಯಿಕಾಯಿ ತೇಯ್ದು ಕೊಡುವುದೂ ಬೇಡ. ಸುಟ್ಟರೆ ಬೆಣ್ಣೆ ಅಲ್ಲ, 20 ನಿಮಿಷ ತಣ್ಣೀರು.’

ನಿಮ್ಮ ಮನೆಯ ಗ್ರೂಪ್‌ನಲ್ಲಿ ಎಳೆ ಮಗು ಇರುವವರು ಯಾರಾದರೂ ಇದ್ದರೆ, ರೆಸಿಪಿಗಿಂತ ಮೊದಲು ಈ ನಾಲ್ಕು ಸಾಲು ಅವರಿಗೆ ತಲುಪಲಿ.