ಅಗ್ನಿಶಾಮಕ ಸಿಬ್ಬಂದಿಯ ವೃತ್ತಿಜನ್ಯ ಕ್ಯಾನ್ಸರ್

ಬೆಂಕಿ ಆರಿಸುವ ಕೆಲಸದಲ್ಲಿ ಮೈಗೆ ತಾಗುವ ಹೊಗೆ, ಮಸಿ ಮತ್ತು ರಾಸಾಯನಿಕಗಳಿಂದ ಬರುವ ಕ್ಯಾನ್ಸರ್. ಮಸಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಹೊಗೆಗೂಡು ಗುಡಿಸುವವರಲ್ಲಿ ಗುರುತಿಸಿದ. ಅಗ್ನಿಶಾಮಕರ ವಿಷಯದಲ್ಲಿ ಅದೇ ಮಾತನ್ನು ಒಪ್ಪಲು ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬೆಂಕಿಗೆ ಸಿಕ್ಕಿ ಸತ್ತವರ ಲೆಕ್ಕ ಅಂದೇ ಸಿಗುತ್ತದೆ; ಕ್ಯಾನ್ಸರ್ ತಲೆಯೆತ್ತುವ ಹೊತ್ತಿಗೆ ನೌಕರ ಎಷ್ಟೋ ಸಲ ನಿವೃತ್ತನಾಗಿ ಮನೆ ಸೇರಿರುತ್ತಾನೆ.

ಎರಡನೇ ಮಹಾಯುದ್ಧದ ನಂತರ ಮನೆ, ಕಚೇರಿಗಳಲ್ಲಿ ಪ್ಲಾಸ್ಟಿಕ್ ತುಂಬಿಕೊಂಡಿತು, ಹೊಗೆಯ ಗುಣವೇ ಬದಲಾಯಿತು. 1975ರ ಫೆಬ್ರವರಿ 27ರಂದು ನ್ಯೂಯಾರ್ಕಿನ ಟೆಲಿಫೋನ್ ಎಕ್ಸ್‌ಚೇಂಜ್ ಒಂದರ ನೆಲಮಾಳಿಗೆಯಲ್ಲಿ ಪಿವಿಸಿ ಪ್ಲಾಸ್ಟಿಕ್ ಹೊದಿಕೆಯ ಕೇಬಲ್‌ಗಳಿಗೆ ಬೆಂಕಿ ಹತ್ತಿತು. ಸುಮಾರು 700 ಮಂದಿ ಹದಿನಾರು ಗಂಟೆಗಳ ಕಾಲ ಆ ದಟ್ಟ ಹೊಗೆಯೊಡನೆ ಸೆಣಸಿದರು. ಅಂದು ಅವರಲ್ಲಿ ಒಬ್ಬರೂ ಸಾಯಲಿಲ್ಲ. ಮುಂದಿನ ವರ್ಷಗಳಲ್ಲಿ ಮಾತ್ರ ಅವರ ನಡುವೆ ಒಂದರ ಹಿಂದೊಂದು ಕ್ಯಾನ್ಸರ್ ಪ್ರಕರಣಗಳು ಕಾಣಿಸಿಕೊಂಡವು.

1982ರಲ್ಲಿ ಕ್ಯಾಲಿಫೋರ್ನಿಯಾ ಅಗ್ನಿಶಾಮಕರ ಕ್ಯಾನ್ಸರನ್ನು ಕೆಲಸದಿಂದಲೇ ಬಂದದ್ದೆಂದು ಭಾವಿಸುವ ಕಾನೂನು ತಂದಿತು. ಯಾವ ದಿನದ ಯಾವ ಬೆಂಕಿ ತನಗೆ ರೋಗ ತಂದಿತೆಂದು ರೋಗಿಯೇ ಸಾಬೀತು ಮಾಡಬೇಕೆನ್ನುವುದು ಅನ್ಯಾಯ. ಆ ಹೊರೆಯನ್ನು ಇಳಿಸಿದ್ದೇ ಈ ಕಾನೂನಿನ ದೊಡ್ಡ ಸಾಧನೆ. ವಿಜ್ಞಾನ ಮಾತ್ರ ಕಾನೂನಿಗಿಂತ ಹಿಂದೆ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಈ ವೃತ್ತಿಯಿಂದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಎಂದಷ್ಟೇ ಹೇಳಿತ್ತು. ಸ್ಯಾನ್‌ಫ್ರಾನ್ಸಿಸ್ಕೊ, ಶಿಕಾಗೊ, ಫಿಲಡೆಲ್ಫಿಯಾಗಳ ಸುಮಾರು 30,000 ಅಗ್ನಿಶಾಮಕರ ದಾಖಲೆಗಳ ಮೇಲೆ ನಡೆದಂಥ ದೊಡ್ಡ ಅಧ್ಯಯನಗಳು ಬಂದ ಮೇಲೆ, 2022ರಲ್ಲಿ ಈ ವೃತ್ತಿಯನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮೂತ್ರಕೋಶದ ಕ್ಯಾನ್ಸರ್ ಮತ್ತು ಕಲ್ನಾರಿನಿಂದ ಬರುವ ಮೀಸೊಥೀಲಿಯೋಮಾ, ಈ ಎರಡಕ್ಕೆ ಸಾಕಷ್ಟು ಪುರಾವೆ ಸಿಕ್ಕಿತ್ತು.

ವಿಷ ಉಸಿರಿನಿಂದ ಮಾತ್ರವಲ್ಲ, ಚರ್ಮದಿಂದಲೂ ಒಳಸೇರುತ್ತದೆ. ಕುತ್ತಿಗೆ, ದವಡೆಯ ಸುತ್ತ ಮಸಿ ಮೆತ್ತುತ್ತದೆ. ಜ್ವಾಲೆ ಆರಿದ ಮೇಲೆ ಉಸಿರಾಟದ ಮುಖವಾಡ ಕಳಚಿ ಅವಶೇಷ ಕೆದಕುವಾಗಲೂ ಬೆಂಜೀನ್‌ನಂಥ ಅನಿಲ ಹೊಮ್ಮುತ್ತಲೇ ಇರುತ್ತದೆ. ಮಸಿ ಹಿಡಿದ ಕೋಟು, ಹೆಲ್ಮೆಟ್‌ಗಳು ಎಷ್ಟೋ ಠಾಣೆಗಳಲ್ಲಿ ಶೌರ್ಯದ ಗುರುತಾಗಿದ್ದವು. ಅದೇ ಮಸಿ ಜೀಪಿನಲ್ಲಿ, ಮನೆಯಲ್ಲಿ ಮೈಗೆ ಹತ್ತುತ್ತಿತ್ತು. ಈಗ ಸ್ಥಳದಲ್ಲೇ ಸಾಬೂನುನೀರಿನಿಂದ ಉಡುಪು ತೊಳೆಯುವ, ಠಾಣೆಗೆ ಮರಳಿದೊಡನೆ ಸ್ನಾನ ಮಾಡುವ ಪದ್ಧತಿ ಹಬ್ಬುತ್ತಿದೆ.

2018ರ ಕಾನೂನಿನಂತೆ ಅಮೆರಿಕ 2023ರಲ್ಲಿ ಅಗ್ನಿಶಾಮಕರ ಕ್ಯಾನ್ಸರ್ ಕುರಿತ ರಾಷ್ಟ್ರೀಯ ನೋಂದಣಿ ತೆರೆಯಿತು. ರೋಗ ಇರಲಿ ಇಲ್ಲದಿರಲಿ, ನಿವೃತ್ತರೂ ಸ್ವಯಂಸೇವಕರೂ ಅದರಲ್ಲಿ ಹೆಸರು ಬರೆಸಬಹುದು.