ಸಂಬೋಧನೆಯಿಂದ ಸಭೆಯವರೆಗೆ: ಮೋರ್‌ಹೌಸ್ ಕಾಲೇಜಿನ ಅನ್ಯೋನ್ಯತೆ

ಅನ್ಯೋನ್ಯತೆಯನ್ನು ನಾವು ಸಾಮಾನ್ಯವಾಗಿ ಸಭೆಯ ಲಕ್ಷಣವೆಂದು ಬೋಧಿಸುತ್ತೇವೆ. ವಿದ್ಯಾಲಯವೊಂದರಲ್ಲಿ ಅದು ಹೇಗೆ ಮೈದಾಳುತ್ತದೆ ಎಂಬುದಕ್ಕೆ ಅಮೆರಿಕದ ಕಪ್ಪು ತರುಣರ ಮೋರ್‌ಹೌಸ್ ಕಾಲೇಜಿನ ಚರಿತ್ರೆ ಒಳ್ಳೆಯ ನಿದರ್ಶನ.

ಗುಲಾಮಗಿರಿ ರದ್ದಾದ ಎರಡು ವರ್ಷಗಳ ತರುವಾಯ, 1867ರಲ್ಲಿ, ಜಾರ್ಜಿಯ ರಾಜ್ಯದ ಅಗಸ್ಟಾ ಪಟ್ಟಣದ ಸ್ಪ್ರಿಂಗ್‌ಫೀಲ್ಡ್ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಈ ಸಂಸ್ಥೆ ಆರಂಭವಾಯಿತು. ಬಿಡುಗಡೆ ಹೊಂದಿದವರನ್ನು ಸಭಾಸೇವೆಗೂ ಉಪಾಧ್ಯಾಯ ವೃತ್ತಿಗೂ ಸಿದ್ಧಪಡಿಸುವುದು ಅದರ ಉದ್ದೇಶವಾಗಿತ್ತು. 1879ರಲ್ಲಿ ಅದು ಅಟ್ಲಾಂಟಾ ನಗರಕ್ಕೆ ಸ್ಥಳಾಂತರಗೊಂಡಿತು.

ನೆರೆತ ಕೂದಲಿನ ಕಪ್ಪು ಪುರುಷನನ್ನೂ ಬಿಳಿಯರು 'ಹುಡುಗ' ಎಂದು ಕರೆಯುತ್ತಿದ್ದ ಕಾಲವದು. 1906ರಲ್ಲಿ ಕಾಲೇಜಿನ ಮೊದಲ ಕಪ್ಪು ಅಧ್ಯಕ್ಷರಾದ ಜಾನ್ ಹೋಪ್ ವಿದ್ಯಾರ್ಥಿಗಳನ್ನು 'ತರುಣ ಮಹನೀಯರೇ' ಎಂದೇ ಸಂಬೋಧಿಸುತ್ತಿದ್ದರು. 1923ರಲ್ಲಿ ಪದವೀಧರರಾದ ದೈವಶಾಸ್ತ್ರಜ್ಞ ಹೊವರ್ಡ್ ಥರ್ಮನ್ ಆ ಸಂಬೋಧನೆಯನ್ನು ತಮ್ಮ ಆತ್ಮಚರಿತ್ರೆಯಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ದೇವಸ್ವರೂಪದಲ್ಲಿ ಸೃಷ್ಟಿಯಾದ ಮನುಷ್ಯನೆಂಬ ಉಪದೇಶ ಅಲ್ಲಿ ದಿನಬಳಕೆಯ ಮಾತಾಗಿತ್ತು.

1940ರಲ್ಲಿ ಅಧ್ಯಕ್ಷರಾದ ಬೆಂಜಮಿನ್ ಮೇಸ್ ಅವರ ಅನುಭವವು ನಮ್ಮ ನಾಡನ್ನೂ ಸ್ಪರ್ಶಿಸುತ್ತದೆ. 1937ರ ಜನವರಿಯಲ್ಲಿ ವೈ.ಎಂ.ಸಿ.ಎ. ಜಾಗತಿಕ ಸಮ್ಮೇಳನಕ್ಕಾಗಿ ಅವರು ಮೈಸೂರಿಗೆ ಬಂದಿದ್ದರು. ಅಸ್ಪೃಶ್ಯ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಉನ್ನತಿಗೇರಿದ ಒಬ್ಬ ಅಸ್ಪೃಶ್ಯರೆಂದು ಪರಿಚಯಿಸಿದರು. ಮೊದಲು ಮನನೊಂದರೂ, ತಮ್ಮ ದೇಶದಲ್ಲಿ ತಮ್ಮ ಸ್ಥಿತಿಯೂ ಅದೇ ಎಂಬುದನ್ನು ಮೇಸ್ ಒಪ್ಪಿಕೊಂಡರು.

ಅಧ್ಯಕ್ಷರಾದ ಮೇಲೆ ಅವರು ಮಂಗಳವಾರ ಬೆಳಿಗ್ಗೆ ಚಾಪೆಲಿನಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತನಾಡುತ್ತಿದ್ದರು. 1944ರಲ್ಲಿ 15 ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಸೇರಿದರು. ಅವರ ತಂದೆಯೂ ತಾಯಿಯ ತಂದೆಯೂ ಅಲ್ಲಿಯೇ ಓದಿದವರು. ಸಭಾಸೇವೆಯ ಬಗ್ಗೆ ಸಂಶಯದಲ್ಲಿದ್ದ ತರುಣನಿಗೆ, ವಿದ್ವತ್ತೂ ಭಕ್ತಿಯೂ ಒಬ್ಬನಲ್ಲೇ ನೆಲೆಸಬಲ್ಲವೆಂಬುದನ್ನು ಮೇಸ್ ತೋರಿಸಿಕೊಟ್ಟರು. 1968ರ ಏಪ್ರಿಲ್ 9ರಂದು, ಅದೇ ಕಾಲೇಜಿನ ಆವರಣದಲ್ಲಿ, ಶಿಷ್ಯನ ಪಾರ್ಥಿವ ಶರೀರದೆದುರು ಶ್ರದ್ಧಾಂಜಲಿಯ ಮಾತುಗಳನ್ನಾಡಿದವರೂ ಅವರೇ.

ಒಂದೇ ಸೂರಿನಡಿ ವಾಸಿಸಿದ ಮಾತ್ರಕ್ಕೆ ಅನ್ಯೋನ್ಯತೆ ಹುಟ್ಟುವುದಿಲ್ಲವೆಂಬುದನ್ನು ಈ ಚರಿತ್ರೆ ತಿಳಿಸುತ್ತದೆ. ಗೌರವದ ಸಂಬೋಧನೆ, ತಪ್ಪದ ಆರಾಧನೆ, ಹಿರಿಯನೊಬ್ಬನ ದೀರ್ಘಕಾಲದ ಜೊತೆ, ಇವು ಮೂರೂ ಅದಕ್ಕೆ ಬೇಕು. ಹಾಗೆ ಬೆಳೆದವರು ಒಳಗೇ ಉಳಿಯದೆ ಲೋಕದ ಸೇವೆಗೆ ಹೊರಟರು. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಜಾತಿಯ ಗಾಯದೊಡನೆ ಬರುವ ತರುಣನನ್ನು ಹೊರಗಿನ ಲೋಕ ಯಾವ ಮಾತಿನಿಂದ ಕರೆಯುತ್ತದೆಂದು ನಾವು ಬಲ್ಲೆವು. ನಾವು ಅವನನ್ನು ಹೇಗೆ ಕರೆಯುತ್ತೇವೆ ಎಂಬುದರಲ್ಲಿಯೇ ನಮ್ಮ ದೈವಶಾಸ್ತ್ರದ ಪರೀಕ್ಷೆ ಅಡಗಿದೆ.